ಗಾಡಿಗೆ ಹಚ್ಚಿದ ವಿಭೂತಿ

ಸಂತೆಕಲ್ಲೂರಿನ ನಮ್ಮ ಓಣಿಯಲ್ಲಿ ಆಂಬ್ಯುಲೆನ್ಸ್ ಡ್ರೈವರ್ ಒಬ್ಬರಿದ್ದರು. ಕೊರೊನಾ ಕಾಲದಲ್ಲಿ ಅವರ ಬಾಯಲ್ಲಿ ಒಂದೇ ಮಾತು: "ಕಿಟಕಿ ಇಳಿಸ್ರಿ, ಒಳಗಿನ ಗಾಳಿ ಹೊರಗ ಹೋಗ್ಲಿ." ಬಿಸಿಗಾಳಿ ಮುಖಕ್ಕೆ ಹೊಡೆದರೂ ಎ.ಸಿ. ಹಾಕುತ್ತಿರಲಿಲ್ಲ.

ಜ್ವರದಲ್ಲಿದ್ದ ನಮ್ಮಣ್ಣನನ್ನು ಲಿಂಗಸುಗೂರಿನ ಆಸ್ಪತ್ರೆಗೆ ಒಯ್ಯಲು ಬಂದ ದಿನ, ಅವ್ವ ಅಣ್ಣನಿಗೆ ವಿಭೂತಿ ಹಚ್ಚಿ, ಡ್ರೈವರ ಹಣೆಗೂ ಕೈ ಚಾಚಿದಳು. ಅವರು ಸರ್ರನೆ ಹಿಂದೆ ಸರಿದರು. ಅವ್ವನ ಮುಖ ಸಣ್ಣದಾಯಿತು.

"ಸಿಟ್ಟಾಗಬ್ಯಾಡಬೇ ಯವ್ವಾ. ನನಗೂ ಜ್ವರ ಬಂದ್ರ ನಾಳೆ ಗಾಡಿ ಯಾರು ಹೊಡೀಬೇಕು? ಗಾಡಿಗೇ ಹಚ್ಚು."

ಅವ್ವ ಮುಂದಿನ ಗಾಜಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು.

ಅಣ್ಣ ಗುಣವಾಗಿ ಮನೆಗೆ ಬಂದ. ಆಮೇಲೆ ಆ ಡ್ರೈವರಿಗೇ ಜ್ವರ ಬಂತು. ಅದೇ ಗಾಡಿಯಲ್ಲಿ ಮಲಗಿಸಿದಾಗ, ಏದುಸಿರು ಬಿಡುತ್ತಲೇ ಹೊಸ ಡ್ರೈವರನನ್ನು ಗದರಿದರು: "ಮೊದ್ಲು ಕಿಟಕಿ ಇಳಿಸಲೇ!"