ಕಡೆಯ ಪದ ಬಿಟ್ಟ ವಾಕ್ಯ

ನಿನ್ನೆ ಸವಣೂರಿನಿಂದ ಬಂದ ಬೀಗರು ಒಂದು ಕಟ್ಟು ವೀಳ್ಯದೆಲೆ ಕೊಟ್ಟು ಹೋದರು. ಒದ್ದೆ ಬಟ್ಟೆಯಲ್ಲಿ ಸುತ್ತಿಡುವಾಗ ಆ ಹಸಿ ಘಾಟು ಮೂಗಿಗೆ ಬಂತು. ಥೇಟ್ ನಮ್ಮ ಟೀಚರ ಪಡಸಾಲೆಯ ವಾಸನೆ...

ಸವಣೂರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಮನೆಯವರದು ಎಲೆ ವ್ಯಾಪಾರ. ಟೀಚರು ಸಂಜೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನಾನಾಗ ಕಾನ್ವೆಂಟಿನಲ್ಲಿ ಏಳನೆಯ ತರಗತಿ, ಅರ್ಧವಾರ್ಷಿಕದಲ್ಲಿ ಇಂಗ್ಲಿಷ್ ಫೇಲು. ಮತ್ತೊಮ್ಮೆ ಫೇಲಾದರೆ ಶಾಲೆ ಬಿಡಿಸಿ ಹತ್ತಿಮತ್ತೂರಿನ ಅಜ್ಜಿಯ ಮನೆಗೆ ಕಳಿಸುವುದಾಗಿ ಅಪ್ಪ ಹೇಳಿಬಿಟ್ಟಿದ್ದರು.

ನಾನು ಎಡವುತ್ತಿದ್ದುದು ಒಂದೇ ಕಡೆ. ‘ದೇ ಮೇಡ್ ಹಿಮ್’ ಎಂದು ಬರೆದು ಚುಕ್ಕೆ ಇಟ್ಟುಬಿಡುತ್ತಿದ್ದೆ. ಅವನನ್ನು ಏನು ಮಾಡಿದರು, ರಾಜನನ್ನಾಗಿಯೋ ಕಳ್ಳನನ್ನಾಗಿಯೋ, ಅದು ನನ್ನ ವಾಕ್ಯದಲ್ಲಿ ಇರುತ್ತಲೇ ಇರಲಿಲ್ಲ.

ಟೀಚರು ಬೈಯಲಿಲ್ಲ. ಎಲೆಬುಟ್ಟಿಯ ಮುಂದೆ ಕೂರಿಸಿ, ಕೈಗೆ ನೀರಿನ ತಂಬಿಗೆ ಕೊಟ್ಟು, ‘ಕೀಪ್ ದ ಲೀವ್ಸ್’ ಎಂದು ನಿಲ್ಲಿಸಿದರು.

“ಎಲಿ ಹೆಂಗ ಇಡಬೇಕ ಬೇಟಿ? ಹಪ್ಪಳಧಂಗ ಒಣಗಿಸಿ ಇಡ್ತೀಯೇನ?”

“ವೆಟ್, ಟೀಚರ್.”

“ಹಾಂ, ಈಗ ನೀರ ಹೊಡಿ.”

ಕಡೆಯ ಪದ ಬಾಯಿಗೆ ಬಂದ ಮೇಲೆಯೇ ನೀರು. ಬಾಗಿಲು ತೆರೆದಿಡಲು, ಚಹಾ ಬಿಸಿ ಮಾಡಲು ಕೂಡ ಇದೇ ಕಟ್ಟಳೆ.

ವಾರ್ಷಿಕ ಪರೀಕ್ಷೆಯ ಹಿಂದಿನ ದಿನ ಅವರು ಬಂಕಾಪುರಕ್ಕೆ ಹೊರಟಾಗ ಬುಟ್ಟಿಯನ್ನು ನನಗೆ ಒಪ್ಪಿಸಿದರು. ನಾನು ಪಕ್ಕದಲ್ಲೇ ಕುಳಿತು ‘ಕೀಪ್ ದ ಲೀವ್ಸ್ ವೆಟ್’ ಎಂದು ಬಾಯಿಪಾಠ ಮಾಡಿದೆ, ಮಾಡಿದೆ... ನೀರು ಹಾಕುವುದನ್ನೇ ಮರೆತೆ. ಅವರು ಬರುವಷ್ಟರಲ್ಲಿ ಮೇಲಿನ ಎಲೆಗಳೆಲ್ಲ ಬಾಡಿದ್ದವು.

“ಎಂಥಾ ದಡ್ಡ ಹುಡುಗಿ ಕೈಯಾಗ ಕೊಟ್ಟು ಹೋಗಿದ್ದಿ” ಎಂದು ಅವರ ಅತ್ತೆ ಗೊಣಗಿದರು.

ನನಗೆ ಅಳು ಬಂತು. ಎಲ್ಲರೂ ನನ್ನನ್ನು ದಡ್ಡಿ ಅಂತಾರೆ ಅನ್ನುವುದು ಅದು ಹೇಗೋ ಇಂಗ್ಲಿಷಿನಲ್ಲೇ ಹೊರಬಿತ್ತು: ‘ದೇ ಕಾಲ್ ಮಿ ಡಲ್.’

ಟೀಚರು ನಕ್ಕರು. “ವಾಕ್ಯ ಬರೋಬರಿ ಐತಿ. ಕಡೀ ಪದ ಅಷ್ಟ ಸುಳ್ಳ.”

ಆಮೇಲೆ ಬುರ್ಖಾ ಕೂಡ ತೆಗೆಯದೆ ಕುಳಿತು, ಬಾಡಿದ ಒಂದೊಂದೇ ಎಲೆಯನ್ನು ನೀರಿಗೆ ಅದ್ದತೊಡಗಿದರು. ನಾನೂ ಅದ್ದಿದೆ.

ಪಾಸಾದೆ. ಹತ್ತಿಮತ್ತೂರಿಗೆ ಬರೀ ರಜೆಗೆ ಹೋದೆ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಇಲ್ಲಿ ಶಿಗ್ಗಾಂವಿಗೆ ಮುಟ್ಟುವಾಗ ವಾರ ಕಳೆದಿತ್ತು. ಅದಕ್ಕೂ ಮೊದಲೇ ಅವರಿಗೆಂದು ಬರೆಯಲು ಹಿಡಿದ ಕಾಗದ ಇನ್ನೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ. ‘ಯೂ ಮೇಡ್ ಮಿ’ ಎಂಬಲ್ಲಿಗೆ ನಿಂತಿದೆ. ಏನೇನೋ ಪದ ಇಟ್ಟು ನೋಡಿದ್ದೆ, ಯಾವುದೂ ಸಾಲಲಿಲ್ಲ. ನಾಳೆ ನೋಡಿದರಾಯಿತು ಎಂದು ಮಡಚಿಟ್ಟಿದ್ದೆ...

ಇಷ್ಟು ಬರೆಯುವಷ್ಟರಲ್ಲಿ ಎಲೆ ಸುತ್ತಿದ್ದ ಬಟ್ಟೆ ಆರಿರಬಹುದು ಅನಿಸಿತು. ಎದ್ದು ಹೋಗಿ ಎಲೆಗೆ ನೀರು ಚಿಮುಕಿಸಿ ಬಂದೆ.