ಪಾರಮ್ಮನ ಕುರ್ಚಿ

ಪಾರಮ್ಮನಿಗೆ ಕುರ್ಚಿ ಬಂದ ದಿನ ನಮ್ಮ ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಅವಳಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಹೊಲಿದು ಬಂದ ಪ್ಯಾಂಟುಗಳಿಂದ ಜೋತುಬಿದ್ದ ದಾರ ಕತ್ತರಿಸುವುದು ಅವಳ ಕೆಲಸ. ವರ್ಷಗಟ್ಟಲೆ ನೆಲದ ಮೇಲೆ ಕೂತು ಮೊಣಕಾಲು ಸವೆದುಹೋಗಿದ್ದವು. ಗಂಡ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಒಲೆ ಹತ್ತುತ್ತಿದ್ದದ್ದೇ ಆ ಕತ್ತರಿಯಿಂದ. ಮಾಲೀಕರ ಮಗ ಗವಿಸಿದ್ದೇಶ್ ಅವಳ ನರಳಾಟ ನೋಡಿ ಮೆತ್ತನೆಯ ಕುರ್ಚಿ, ಎತ್ತರದ ಮೇಜು ತರಿಸಿದ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಾಗೆ. ಇರಲಿ, ಬಂತಲ್ಲ.

ಹುಡುಗ ಒಳ್ಳೆಯವನೇ. ಆದರೆ ಅವನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ನಮ್ಮ ಮೇಸ್ತ್ರಿ ಜಡೆಪ್ಪ ಪಾರಮ್ಮನ ಗಂಡನ ಅಣ್ಣ. ಕುರುಗೋಡು ಕಡೆಯ ಆ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ; ಭಾವನೂ ಅವಳ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಪಕ್ಕದ ಮಷೀನಿನ ನಾನೇ ಅವರಿಬ್ಬರ ನಡುವಿನ ಟಪಾಲಿನವಳು. ಯಾವ ಮಾಲು ಮೊದಲು ಮುಗಿಯಬೇಕೆಂದು ಜಡೆಪ್ಪ ಗೋಡೆ ನೋಡಿಕೊಂಡು ನನಗೆ ಹೇಳುತ್ತಿದ್ದರು. ಕೈಚಾಚಿದರೆ ಸಿಗುವಷ್ಟು ಹತ್ತಿರ ಕೂತವಳಿಗೆ ನಾನು ಅದನ್ನೇ ಮತ್ತೆ ಹೇಳುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಕುರ್ಚಿ ಬಂದ ಮೇಲೆ ಪೀಕಲಾಟ ಶುರುವಾಯಿತು. ಮೇಸ್ತ್ರಿ ಅಂದಮೇಲೆ ಸುತ್ತಾಡಲೇಬೇಕು. ಜಡೆಪ್ಪ ಈ ಕಡೆ ಬಂದಾಗಲೆಲ್ಲ ಪಾರಮ್ಮ ಮೇಜು ಹಿಡಿದು, ಹಲ್ಲು ಕಚ್ಚಿ ಎದ್ದು ನಿಲ್ಲುವಳು. ಅವರು ದಾಟಿ ಹೋದರೆ ಕೂರುವಳು. ಇದಕ್ಕಿಂತ ನೆಲವೇ ವಾಸಿಯಿತ್ತು, ಆದರೆ ಮಾಲೀಕರ ಮಗ ತರಿಸಿದ್ದನ್ನು ಬಿಡುವ ಹಾಗಿರಲಿಲ್ಲ. ಈಗಿನ ಕಾಲದಲ್ಲಿ ಯಾರು ನೋಡುತ್ತಾರೆ, ಸುಮ್ಮನೆ ಕೂರು ಎಂದು ನಾನು ರೇಗಿದೆ.

"ಅವರು ಒಂದು ಮಾತು ಕುಂದ್ರು ಅಂದ್ರ ಕುಂದ್ರತೀನವಾ. ಅವರು ಅನ್ನಲಾರದ ನಾ ಹೆಂಗ ಕುಂದ್ರಲಿ?" ಎಂದಳು.

ಇಷ್ಟೇ ತಾನೇ ಎಂದು ಜಡೆಪ್ಪನವರ ಹತ್ತಿರ ಹೋದೆ. ಅವರು ಬುತ್ತಿ ಗಂಟು ಬಿಗಿದು ಕಟ್ಟಿದರು.

"ಕುಂದ್ರು ಅಂದ್ರ, ಆಕಿ ಏಳೋದನ್ನ ನಾ ನೋಡೀನಿ ಅಂದಂಗ ಆಗತೈತಿ. ನೋಡಬಾರದವಾ."

ಇಬ್ಬರ ಮರ್ಯಾದೆಯ ನಡುವೆ ಆ ಮೊಣಕಾಲು ಹಣ್ಣಾದವು. ಕೊನೆಗೆ ಅವಳ ಪರದಾಟ ಗವಿಸಿದ್ದೇಶನ ಕಣ್ಣಿಗೂ ಬಿತ್ತು. ಕುರ್ಚಿ ಕೊಟ್ಟರೂ ಈಯಮ್ಮನಿಗೆ ಆಗುತ್ತಿಲ್ಲ, ಇನ್ನು ಮನೆಯಲ್ಲೇ ಇರಲಿ ಎಂದು ಅವನು ಜಡೆಪ್ಪನವರ ಮುಂದೆಯೇ ಅಂದ. ಪಾಪ, ಅವನು ಅಂದದ್ದು ಕನಿಕರದಿಂದಲೇ. ಆ ವಾರದ ಬಟವಾಡೆ ಆದ ಮೇಲೆ ಜಡೆಪ್ಪ ಕೆಲಸ ಬಿಟ್ಟರು. ಕಣ್ಣು ಮಂಜಾಗಿವೆ, ಹೊಲಿಗೆ ಕಾಣುವುದಿಲ್ಲ ಎಂದರಂತೆ. ಹಿಂದಿನ ದಿನ ನನ್ನ ಹೊಲಿಗೆಯಲ್ಲಿ ಕೂದಲೆಳೆಯಷ್ಟು ಸೊಟ್ಟ ಹಿಡಿದು ಬೈದಿದ್ದವರು ಅವರೇ.

ಹೊಸ ಮೇಸ್ತ್ರಿ ಬಂದ. ಪಾರಮ್ಮ ಕುರ್ಚಿಯಲ್ಲಿ ಕೂತಳು. ಅವಳ ಕೆಲಸ ಉಳಿಯಿತು. ಆದರೆ ಅವಳು ಮಾತಾಡುವುದನ್ನೇ ಕಡಿಮೆ ಮಾಡಿದಳು, ನಾನೂ ಕೆದಕಲಿಲ್ಲ.

ಯುಗಾದಿ ಮುಂದೆ ಸೀರೆ ತರಲು ಇಬ್ಬರೂ ಬ್ರೂಸ್‌ಪೇಟೆಗೆ ಹೋದೆವು. ಒಂದು ಗೋದಾಮಿನ ಬಾಗಿಲಲ್ಲಿ, ಮೈಗೆ ದೊಗಳೆಯಾದ ಖಾಕಿ ಅಂಗಿ ತೊಟ್ಟು ಜಡೆಪ್ಪ ಕಾವಲು ನಿಂತಿದ್ದರು. ಕೂರಲು ಅಲ್ಲಿ ಒಂದು ಸ್ಟೂಲೂ ಇರಲಿಲ್ಲ. ಒಂದು ಕಾಲು ನೋಯುತ್ತಿತ್ತೇನೋ, ಭಾರ ಇನ್ನೊಂದಕ್ಕೆ ಬದಲಿಸುತ್ತಿದ್ದರು.

ಪಾರಮ್ಮ ತಲೆ ಮೇಲೆ ಸೆರಗು ಎಳೆದುಕೊಂಡಳು. ನನ್ನನ್ನು ಬಿಟ್ಟು ತಾನೇ ಮುಂದೆ ಹೋದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಭಾವನ ಜೊತೆ ನೇರ ಮಾತಾಡಿದಳು.

"ಬಾವನೋರ, ವಾಪಸ್ ಬರ್ರಿ. ನಾ ನೆಲದ ಮ್ಯಾಲೆ ಕುಂದ್ರತೀನಿ."

ಜಡೆಪ್ಪ ಅವಳ ಕಡೆ ನೋಡಲಿಲ್ಲ. ಗೋದಾಮಿನ ಗೋಡೆಯತ್ತ ಮುಖ ತಿರುಗಿಸಿದರು.

"ರೇಣುಕಾ," ಎಂದು ನನ್ನನ್ನು ಕರೆದರು, "ಆಕಿಗೆ ಹೇಳು. ಕುರ್ಚಿ ಮ್ಯಾಲೆ ಕುಂದ್ರು ಅಂತ ಹೇಳು."

ಮೊದಲ ದಿನವೇ ಆಡಿದ್ದರೆ ಸಾಕಿತ್ತು ಆ ಮಾತು. ಆದರೂ, ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡವಳ ಕಡೆ ತಿರುಗಿ, ಅದನ್ನು ಅವಳಿಗೆ ಹೇಳಿದೆ.