ಸಂಗಣ್ಣ ವಸ್ತಾದರ ಬೆನ್ನು

ಸಂಗಣ್ಣ ವಸ್ತಾದರ ಕಿವಿಗೆ ಚಸ್ಮಾ ನಿಲ್ಲುತ್ತಿರಲಿಲ್ಲ. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಎರಡೂ ಕಿವಿ ಗಂಟುಗಟ್ಟಿ ತಲೆಗೆ ಅಂಟಿಕೊಂಡಿದ್ದವು. ಅದಕ್ಕೇ ಚಸ್ಮಾದ ಕಡ್ಡಿಗಳಿಗೆ ಲಾಡಿ ಕಟ್ಟಿ ತಲೆಯ ಹಿಂದೆ ಗಂಟು ಹಾಕುತ್ತಿದ್ದರು. ಯಾರಾದರೂ ನಕ್ಕರೆ, "ಕಿವಿ ಕೊಟ್ಟೇನಪಾ, ಬೆನ್ನ ಕೊಟ್ಟಿಲ್ಲ" ಅನ್ನುತ್ತಿದ್ದರು. ಅಖಾಡದಲ್ಲಿ ಒಮ್ಮೆಯೂ ತಾವು ಅಂಗಾತ ಬಿದ್ದಿಲ್ಲ, ಎರಡೂ ಹೆಗಲು ಒಟ್ಟಿಗೇ ಮಣ್ಣಿಗೆ ಹತ್ತಿಲ್ಲ ಎಂಬುದು ಅವರ ಹಟ. ಹೊಲದ ಬಗ್ಗೆ, ಮಕ್ಕಳ ಬಗ್ಗೆ ಕೂಡ ಅವರು ಇಷ್ಟು ಖಡಾಖಂಡಿತವಾಗಿ ಮಾತಾಡಿದ್ದು ನಾನು ಕೇಳಿಲ್ಲ.

ಕೆಂಭಾವಿಯ ನಮ್ಮ ಓಣಿಯ ಕೊನೆಗೆ, ಅವರು ಹುಡುಗರಿಗೆ ಕುಸ್ತಿ ಕಲಿಸುವ ಗರಡಿಮನೆ. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಅದರ ಹಿಂದೆಯೇ ಚಹಾದಂಗಡಿಗೆ ಟಿವಿ ಬಂತು. ಅದರಲ್ಲಿ ಬರುವ ಪರದೇಶದ ಕುಸ್ತಿ ನೋಡಲು ಒಂದು ಸಂಜೆ ವಸ್ತಾದರೂ ಬಂದು ಕೂತರು. ಬಣ್ಣದ ಚಡ್ಡಿಯ ಪೈಲ್ವಾನನೊಬ್ಬ ಮೈಕು ಹಿಡಿದು ಚೀರಾಡಿದ. ಇನ್ನೊಬ್ಬ ಕಬ್ಬಿಣದ ಕುರ್ಚಿ ಎತ್ತಿಕೊಂಡು ಬಂದ.

"ಕುರ್ಚಿ ಯಾಕ ತಂದಾನ? ಕುಂದರಾಕೇನು?"

"ಹೊಡಿಯಾಕ್ರಿ, ಮುತ್ಯಾ" ಎಂದ ಅಂಗಡಿಯವ.

"ಹಂಗಾರ ಕೈ ಯಾತಕ್ಕ ಅದಾವ ಇವಗ?"

ಹಳೆಯದೆಲ್ಲ ಚೊಕ್ಕ ಎಂಬುದನ್ನು ನಾನು ಸುಲಭವಾಗಿ ನಂಬುವುದಿಲ್ಲ. "ನಿಮ್ಮ ಕಾಲದಾಗೂ ಸೋಲು ಗೆಲುವು ಮೊದಲೇ ಮಾತಾಡಿಕೊಂಡು ಕುಸ್ತಿ ಹಿಡಿಯೋರು ಇದ್ರಲ್ರಿ?" ಎಂದು ಕೆಣಕಿದೆ.

"ಇದ್ರು. ಅವರಾಗ ಒಬ್ಬನ ಹೆಸರು ಹೇಳು, ನೋಡೂಣು."



ಯಾದಗಿರಿಯಲ್ಲಿ ಗಾದಿಯ ಮೇಲಿನ ಕುಸ್ತಿಗೆ ಅವರನ್ನು ಅತಿಥಿಯಾಗಿ ಕರೆದಿದ್ದರು. ಒಬ್ಬ ಹುಡುಗ ಅಂಕಗಳ ಲೆಕ್ಕದ ಮೇಲೆ ಗೆದ್ದ. ಶಾಲು ಹೊದಿಸಿದವರ ಕೈಯಿಂದಲೇ ಮೈಕು ಕಸಿದು ವಸ್ತಾದರು, "ಇಬ್ಬರೂ ನಿಂತೇ ಅದಾರ. ಸೋತಾಂವ ಯಾರ್ರಿ? ಇನ್ನೊಮ್ಮಿ ಹಿಡೀರಿ!" ಎಂದುಬಿಟ್ಟರು. ಮತ್ತೆ ಯಾರೂ ಅವರನ್ನು ಕರೆಯಲಿಲ್ಲ.

ಇಂಥವರ ಬೆನ್ನಿನ ಬಗ್ಗೆ ನಾನು ಬರೆದೆ.

ಕಾಲುವೆ ತೋಡಿ ಮುಗಿದು ನೀರು ಇನ್ನೂ ಬಿಟ್ಟಿರದ ಬೇಸಿಗೆ. ಒಣ ಕಾಲುವೆಯೊಳಗೇ ಕೆಂಪು ಮಣ್ಣು ಸುರಿದು ಅಖಾಡ ಮಾಡಿದ್ದರು. ಎರಡೂ ದಂಡೆಯ ಮೇಲೆ ಜನ. ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ವಸ್ತಾದರಿಗೂ ಶಿರವಾಳದ ಪೈಲ್ವಾನನಿಗೂ ನಡೆದ ಕುಸ್ತಿ ತೀರದೆ, ಕೊನೆಗೆ ಸಮ ಎಂದು ಬಿಡಿಸಿದರು. ಆದರೆ ನಡುವೆ ಒಮ್ಮೆ ವಸ್ತಾದರ ಬೆನ್ನು ಪೂರ್ತಿ ಮಣ್ಣಿಗೆ ಹತ್ತಿದ್ದನ್ನು ನಾನು ನೋಡಿದ್ದೆ. ಹಾಗೆಂದು ಹದಿನೈದು ವರ್ಷದ ಮೇಲೆ, ನಾನು ಮಾಸ್ತರನಾಗಿದ್ದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆದೆ.

ಆ ಸಂಚಿಕೆ ಹಿಡಿದುಕೊಂಡು ವಸ್ತಾದರು ಮನೆಗೇ ಬಂದರು.

"ಯಾವ ದಂಡಿ ಮ್ಯಾಲ ಕುಂತಿದ್ದಿ?"

"ಮೂಡಣ ದಂಡಿ ಮ್ಯಾಲ್ರಿ."

"ಯಾವ ಹೊತ್ತಿನ್ಯಾಗ?"

"ಹೊತ್ತು ಮುಳುಗೂ ಮುಂದ."

"ಅಂದ್ರ ಬಿಸಿಲು ನಿನ್ನ ಕಣ್ಣಾಗಿತ್ತು. ನನ್ನ ಬೆನ್ನ ಹ್ಯಾಂಗ ಕಂಡಿತು ನಿನಗ? ನಡಿ."

ಕಾಲುವೆಗೆ ಎಳೆದುಕೊಂಡು ಹೋದರು. ಅಖಾಡವಿದ್ದಲ್ಲಿ ಈಗ ನೀರು ತುಂಬಿ ಹರಿಯುತ್ತಿತ್ತು. ಅರವತ್ತು ದಾಟಿದ ಮನುಷ್ಯ ಏನು ಮಾಡಿಯಾರು ಎಂದುಕೊಳ್ಳುವಷ್ಟರಲ್ಲಿ ನಾನು ದಂಡೆಯ ಮೇಲೆ ಬಿದ್ದಿದ್ದೆ. ಅವರ ಮೊಳಕೈ ನನ್ನ ಎದೆಯ ಮೇಲೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಮುತ್ಯಾ, ಮಾಸ್ತರ್‍ನ ಬಿಡ್ರಿ, ಅಂಗಿ ನಾಳಿ ನಮಗ ಒಗಿಯಾಕ ಬರತದ!" ಎಂದು ಕೂಗಿದಳು.

"ಬಲಗಡಿ ಹೆಗಲ ಎಲ್ಲದ ನೋಡ್ಕೊ."

ಅದು ನೆಲದಿಂದ ಎರಡು ಬೆರಳು ಮೇಲಿತ್ತು.

"ಸೋತಿಯೇನು ಈಗ?"

"ಇಲ್ರಿ."

"ಗಟ್ಟ್ಯಾಗಿ ಹೇಳು."

"ಸೋತಿಲ್ರಿ!"

"ಇದನ್ನ ಬರಿ."

ಎದ್ದು ನೋಡಿದರೆ ಅಂಗಿಯ ಬೆನ್ನೆಲ್ಲ ಮಣ್ಣು. ಆಚೆ ದಂಡೆಯಿಂದ ನೋಡಿದವರು ನಾನು ಸೋತೆ ಎಂದೇ ಆಣೆ ಮಾಡುತ್ತಿದ್ದರು. ಹಾಗೆಂದು ಆ ಕುಸ್ತಿಯ ದಿನ ಅವರ ಹೆಗಲು ಮೇಲಿತ್ತೇ? ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತೆಂದು ಬರೆದೆನೆಂಬುದಷ್ಟೇ ಖಚಿತ. ತಿದ್ದಿ ಬರೆಯಲು ಆ ಶಾಲೆ ಇನ್ನೊಂದು ಸಂಚಿಕೆ ತರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಡೆಯ ಸಲ ಅವರನ್ನು ಕಂಡದ್ದು ಶಹಾಪುರದ ಆಸ್ಪತ್ರೆಯಲ್ಲಿ. ಹೊಟ್ಟೆ ಒತ್ತಿ ನೋಡಲು ಬಂದ ಹೊಸ ಡಾಕ್ಟರು, "ಅಜ್ಜಾ, ಅಂಗಾತ ಮಲಗ್ರಿ" ಎಂದರು.

"ಮಗ್ಗಲಾಗತೀನಿ. ಅಂಗಾತ ಆಗಂಗಿಲ್ಲ."

"ಯಾಕ್ರಿ, ಬೆನ್ನು ನೋಯ್ತದೇನು?"

ವಸ್ತಾದರು ನನ್ನತ್ತ ತಿರುಗಿದರು. "ಹೇಳಪಾ, ನೀ ಬರದಾಂವ."

ನಾನು ಹೇಳಿದೆ. ಡಾಕ್ಟರು ನಕ್ಕು, ಮಗ್ಗುಲಲ್ಲೇ ನೋಡಿದರು.

ಮೂರನೆಯ ದಿನ ವಸ್ತಾದರು ತೀರಿಕೊಂಡರು. ಅವರ ಮನೆತನದಲ್ಲಿ ಹೆಣವನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸುತ್ತಾರೆ. ಇಬ್ಬರು ಶಿಷ್ಯರು ಕುಣಿಗಿಳಿದು ಹೆಗಲು ಹಿಡಿದು ನೆಟ್ಟಗೆ ಕೂರಿಸಿದರು. ಮಣ್ಣು ಸೊಂಟಕ್ಕೆ, ಎದೆಗೆ, ಆ ಮುರಿದ ಕಿವಿಗಳವರೆಗೆ ಏರಿತು. ಅವರು ಕೂತೇ ಇದ್ದರು.

ಹೊತ್ತು ಮುಳುಗುತ್ತಿತ್ತು. ನಾನು ಪಡುವಣ ದಿಕ್ಕಿಗೆ ನಿಂತಿದ್ದೆ, ಬಿಸಿಲು ನನ್ನ ಬೆನ್ನಿಗಿತ್ತು. ಈ ಸಲ ಸರಿಯಾಗಿ ನೋಡಿದ್ದೇನೆ.